ಕುದುರೆಮುಖ ಚಾರಣ: ಇಳಿಯುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಕುದುರೆಮುಖ ಶಿಖರಕ್ಕೆ ಹೋಗಬೇಕೆಂದುಕೊಂಡವರು ಸಾಮಾನ್ಯವಾಗಿ ಮೊದಲು ರಜೆ ಹೊಂದಿಸುತ್ತಾರೆ, ಆಮೇಲೆ ಬಸ್ಸಿಗೆ ಸೀಟು ಕಾಯ್ದಿರಿಸುತ್ತಾರೆ, ಹೊರಡಲು ಒಂದು ವಾರವಿದೆ ಎನ್ನುವಾಗ ಅರಣ್ಯ ಇಲಾಖೆಯ ಅನುಮತಿಯ ಬಗ್ಗೆ ವಿಚಾರಿಸುತ್ತಾರೆ. ಬೆಟ್ಟದಿಂದ ಎಷ್ಟು ಹೊತ್ತಿಗೆ ಇಳಿಯಬೇಕೆಂಬ ಪ್ರಶ್ನೆಯಂತೂ ಹೆಚ್ಚಿನವರಿಗೆ ತುದಿ ಮುಟ್ಟಿದ ಮೇಲೆಯೇ ಹೊಳೆಯುತ್ತದೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕೆಂಬುದು ನನ್ನ ಅಭಿಪ್ರಾಯ. ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಬೆಳಿಗ್ಗೆ ಹೊರಡುವ ಸಮಯ ತಿಳಿಯುತ್ತದೆ, ಅದರಿಂದ ಹಿಂದಿನ ರಾತ್ರಿ ಎಲ್ಲಿ ಮಲಗಬೇಕೆಂಬುದು ತಿಳಿಯುತ್ತದೆ, ಅದರಿಂದ ಊರು ಬಿಡಬೇಕಾದ ದಿನ ತಿಳಿಯುತ್ತದೆ. ರಜೆಯ ಅರ್ಜಿ ಎಲ್ಲಕ್ಕಿಂತ ಕೊನೆಗೆ.

ಸುಮಾರು 1,894 ಮೀಟರ್ ಎತ್ತರದ ಈ ಶಿಖರವು ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಕೂಡುವ ಅಂಚಿನಲ್ಲಿ, 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಇದೆ. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದಲ್ಲಿ ಹುಲ್ಲುಗಾವಲಿನ ಬೋಳು ಗುಡ್ಡಗಳೂ ಅವುಗಳ ಮಡಿಲಲ್ಲಿ ಹುದುಗಿರುವ ಶೋಲಾ ಕಾಡುಗಳೂ ಒಂದರ ಪಕ್ಕದಲ್ಲೊಂದು ಹಬ್ಬಿವೆ. ಸಿಂಗಳೀಕ, ಕಾಟಿ (ಕಾಡುಕೋಣ), ಕಡವೆ, ಹುಲಿ ಇಲ್ಲಿನ ನಿವಾಸಿಗಳು. ಹತ್ತಿರದ ಪೇಟೆ ಎಂದರೆ ಕಳಸ. ಚಾರಣ ಆರಂಭವಾಗುವುದು ಸಂಸೆಯ ಸಮೀಪ ಮುಖ್ಯರಸ್ತೆಯಿಂದ ಕವಲೊಡೆಯುವ ಕಚ್ಚಾದಾರಿಯ ಕೊನೆಯಲ್ಲಿರುವ ಮುಳ್ಳೋಡಿ ಎಂಬ ಪುಟ್ಟ ಹಳ್ಳಿಯಿಂದ. ಫೋನಿನ ನಕ್ಷೆಯಲ್ಲಿ ಬರಿದೇ ‘ಕುದುರೆಮುಖ’ ಎಂದು ಹುಡುಕಿದರೆ ಅದು ನಿಮ್ಮನ್ನು ಹಳೆಯ ಗಣಿ ಪಟ್ಟಣಕ್ಕೆ ಕರೆದೊಯ್ಯಬಹುದು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು, ಕಂಪನಿಯ ವಸತಿಗೃಹಗಳ ಸಾಲು ಮಾತ್ರ ಉಳಿದುಕೊಂಡಿದೆ. ಆದ್ದರಿಂದ ನಕ್ಷೆಯಲ್ಲಿ ಸಂಸೆ ಮತ್ತು ಮುಳ್ಳೋಡಿಯನ್ನೇ ಗುರುತಿಸಿಕೊಳ್ಳಿ.

ಯಾವ ತಿಂಗಳು

ಈ ಪ್ರದೇಶದಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಜಾಲತಾಣಗಳಲ್ಲಿ ಹರಿದಾಡುವ ಹಸಿರು ಚಿತ್ರಗಳೆಲ್ಲ ಈ ತಿಂಗಳುಗಳವು. ಅವನ್ನು ನೋಡಿ ಜುಲೈನಲ್ಲಿ ಹೊರಟವರಿಗೆ ತುದಿಯಲ್ಲಿ ಕಾಣುವುದು ಹೆಚ್ಚಾಗಿ ಹತ್ತು ಮಾರು ದೂರದ ಮಂಜು ಮಾತ್ರ. ಹಾಗೆಂದು ಮಳೆಗಾಲದ ಚಾರಣ ಬೇಡವೆಂದು ನಾನು ಹೇಳುವುದಿಲ್ಲ. ಮಳೆಯಲ್ಲಿ ದಿನವಿಡೀ ನಡೆದು ರೂಢಿಯಿದ್ದವರಿಗೆ, ದಾರಿಯಲ್ಲಿ ಸಿಗುವ ಹಳ್ಳ ಏರಿದ್ದರೆ ಬೇಸರವಿಲ್ಲದೆ ಹಿಂದಿರುಗಬಲ್ಲವರಿಗೆ ಅದರ ಸೊಗಸೇ ಬೇರೆ. ಆದರೆ ಮೊದಲ ಬಾರಿ ಬೆಟ್ಟ ಹತ್ತುವವರಿಗೆ, ಮಕ್ಕಳನ್ನು ಕರೆತರುವವರಿಗೆ ಅದು ಕಾಲವಲ್ಲ.

ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ ಹೋಗುವುದು ಒಳ್ಳೆಯದು. ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಪಶ್ಚಿಮದ ಅಂಚಿನಿಂದ ಕೆಳಗಿನ ಕರಾವಳಿಯ ಬಯಲು ಕಾಣುವ ಸಂಭವ ಹೆಚ್ಚು. ಒಂದು ಎಚ್ಚರಿಕೆ: ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಹಿಂಗಾರಿನ ಗುಡುಗುಮಳೆ ಮಧ್ಯಾಹ್ನದ ಮೇಲೆ ಕಟ್ಟಿಕೊಳ್ಳುತ್ತದೆ. ಮರವೇ ಇಲ್ಲದ ಹುಲ್ಲಿನ ಏಣಿನ, ಅಂದರೆ ಬೆಟ್ಟದ ನೆತ್ತಿಯ ಅಂಚಿನ, ಮೇಲೆ ಸಿಡಿಲಿನ ಹೊತ್ತಿನಲ್ಲಿ ನಿಂತವನೇ ಸುತ್ತಮುತ್ತಲಿನಲ್ಲಿ ಎತ್ತರದ ವಸ್ತುವಾಗುತ್ತಾನೆ, ಆದ್ದರಿಂದ ಆ ತಿಂಗಳುಗಳಲ್ಲಿ ಮಧ್ಯಾಹ್ನ ಒಂದರೊಳಗೆ ಏಣನ್ನು ಬಿಟ್ಟು ಇಳಿಯತೊಡಗಬೇಕು. ಜನವರಿಯಲ್ಲಿ ಬೆಳಗಿನ ಚಳಿ ಹಿತವಾಗಿದ್ದರೂ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಒಣಗಿರುತ್ತದೆ. ಫೆಬ್ರವರಿಯಿಂದ ಮೇವರೆಗೆ ಕಾಡಿನ ಬೆಂಕಿಯ ಭಯದಿಂದ ಇಲಾಖೆ ದಾರಿಗಳನ್ನು ಮುಚ್ಚುವುದುಂಟು. ಮಳೆಗಾಲದಲ್ಲಿಯೂ ಹವಾಮಾನ ಇಲಾಖೆಯು ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಾಗ ಪ್ರವೇಶ ನಿಲ್ಲಬಹುದು. ಹೀಗಾಗಿ ಒಂದೇ ದಿನಾಂಕವನ್ನು ನೆಚ್ಚಿಕೊಳ್ಳದೆ, ಎರಡು ದಿನಾಂಕಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಲೇಸು.

ವಾರಾಂತ್ಯವನ್ನು ತಪ್ಪಿಸಲು ಸಾಧ್ಯವಾದರೆ ತಪ್ಪಿಸಿ. ಮಂಗಳವಾರ ಅಥವಾ ಬುಧವಾರ ಹೋದವರಿಗೆ ಸಿಗುವ ಬೆಟ್ಟವೂ ಶನಿವಾರ ಹೋದವರಿಗೆ ಸಿಗುವ ಬೆಟ್ಟವೂ ಒಂದೇ ಅಲ್ಲ. ಶನಿವಾರ ಕಿರಿದಾದ ಕಾಲುದಾರಿಯಲ್ಲಿ ಮುಂದಿನವರ ಚೀಲವನ್ನೇ ನೋಡುತ್ತಾ ಸಾಗಬೇಕಾಗುತ್ತದೆ.

ಅನುಮತಿ

2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿ ನೂಕುನುಗ್ಗಲಾದ ಚಿತ್ರಗಳು ಎಲ್ಲೆಡೆ ಹರಡಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದಾರಿಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅನಂತರ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಬುಕಿಂಗ್ ವ್ಯವಸ್ಥೆ ಬಂದಿತು. ಕುದುರೆಮುಖಕ್ಕೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಮಳೆ ನಿಂತ ಕೂಡಲೇ ಬರುವ ವಾರಾಂತ್ಯಗಳ ಜಾಗ ಬಹುಬೇಗ ತುಂಬಿಹೋಗುತ್ತದೆ. ಶುಲ್ಕ ಮತ್ತು ನಿಯಮಗಳು ಆಗಾಗ ಬದಲಾಗುವುದರಿಂದ ಹಳೆಯ ಬರಹಗಳಲ್ಲಿರುವ ಮೊತ್ತವನ್ನು ನಂಬದೆ, ಬುಕಿಂಗ್ ಮಾಡುವ ದಿನ ಜಾಲತಾಣದಲ್ಲಿ ಕಾಣುವುದನ್ನೇ ಪ್ರಮಾಣವೆಂದು ತಿಳಿಯಬೇಕು.

ಬುಕಿಂಗ್ ಮಾಡುವಾಗ ಗುಂಪಿನ ಪ್ರತಿಯೊಬ್ಬರ ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ, ಅದೇ ಚೀಟಿಯ ಮೂಲಪ್ರತಿ ಚಾರಣದ ದಿನ ಜೇಬಿನಲ್ಲಿರಲಿ. ಟಿಕೆಟನ್ನು ಊರಿನಲ್ಲಿಯೇ ಮುದ್ರಿಸಿಕೊಳ್ಳಿ, ಏಕೆಂದರೆ ಮುಳ್ಳೋಡಿಯಲ್ಲಿ ನಿಂತು ಫೋನಿನಲ್ಲಿ ಅದನ್ನು ತೆರೆಯಲು ನೆಟ್‌ವರ್ಕ್ ಸಿಗುತ್ತದೆಂಬ ಭರವಸೆಯಿಲ್ಲ. ‘ಪರ್ಮಿಟ್ ಎಲ್ಲಾ ನಾವೇ ಮಾಡಿಸಿಕೊಡ್ತೇವೆ, ನೀವು ಬನ್ನಿ ಸಾಕು’ ಎನ್ನುವ ಟೂರ್ ಸಂಘಟಕರೂ ಇದ್ದಾರೆ. ಅವರಲ್ಲಿ ಪ್ರಾಮಾಣಿಕರು ಅನೇಕರಿದ್ದರೂ, ಹಣ ಕೊಡುವ ಮೊದಲು ನಿಮ್ಮ ಹೆಸರಿರುವ ಟಿಕೆಟಿನ ಪ್ರತಿಯನ್ನು ಕೇಳಿ ಪಡೆಯಿರಿ. ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನವನ್ನು ಪ್ರವೇಶಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದರ ಹೊಣೆ ನಡೆದವರ ಮೇಲೆಯೇ ಬೀಳುತ್ತದೆ.

ಉದ್ಯಾನದೊಳಗೆ ಡೇರೆ ಹಾಕಿ ರಾತ್ರಿ ತಂಗಲು ಅವಕಾಶವಿಲ್ಲ. ಗೈಡ್ ಜೊತೆಯಲ್ಲಿರಲೇಬೇಕು. ದಾರಿ ಕಾಣುತ್ತಿರುವಾಗ ಗೈಡ್ ಏಕೆ ಎಂದು ಗೊಣಗುವವರಿದ್ದಾರೆ. ಮಂಜು ಇಳಿದಾಗ ಹುಲ್ಲುಗಾವಲಿನಲ್ಲಿ ಕಾಟಿಗಳು ಓಡಾಡಿ ಮೂಡಿದ ಜಾಡು ಯಾವುದು, ಮನುಷ್ಯರ ಜಾಡು ಯಾವುದು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಗೈಡ್‌ಗಳಲ್ಲಿ ಹೆಚ್ಚಿನವರು ಸುತ್ತಲಿನ ಮನೆಗಳವರೇ. ಯಾವ ಹಳ್ಳ ಯಾವ ಮಳೆಗೆ ಎಷ್ಟು ಏರುತ್ತದೆಂಬ ಅವರ ಅಂದಾಜು ನಿಮ್ಮ ಕೈಗಡಿಯಾರದ ಉಪಗ್ರಹ ಸೂಚಕಕ್ಕಿಂತ ಮೇಲು.

ಗಂಟೆಯ ಲೆಕ್ಕ

ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಮೊದಲ ಭಾಗ ಕಾಡು, ತೊರೆ, ಗದ್ದೆಬಯಲುಗಳ ನಡುವೆ ಸಾಗುತ್ತದೆ, ಒಂಟಿಮರ ಎಂಬ ಜಾಗ ದಾಟಿದ ಮೇಲೆ ಬಿಸಿಲು ನೇರವಾಗಿ ಬೀಳುವ ಹುಲ್ಲಿನ ಏರುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಇದೇ ತುದಿ ಎಂದುಕೊಂಡು ಹತ್ತಿದ ಗುಡ್ಡದ ಹಿಂದೆ ಇನ್ನೊಂದು ಗುಡ್ಡ ಕಾಣುವುದು ಇಲ್ಲಿ ಸಾಮಾನ್ಯ, ಗುಂಪಿನ ಹೊಸಬರಿಗೆ ಇದನ್ನು ಮೊದಲೇ ಹೇಳಿಡಿ.

ಡಿಸೆಂಬರ್ ತಿಂಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೂರ್ಯಾಸ್ತ ಸಂಜೆ ಆರು ಗಂಟೆ ದಾಟಿದ ಕೆಲವೇ ನಿಮಿಷಗಳಿಗೆ ಆಗುತ್ತದೆ, ಶೋಲಾ ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಮಬ್ಬು ಕವಿಯುತ್ತದೆ. ಆದ್ದರಿಂದ ಐದು ಗಂಟೆಗೆ ಮುಳ್ಳೋಡಿಯಲ್ಲಿ ಇರಬೇಕು. ಇಳಿಯಲು ಸಾಧಾರಣ ನಡಿಗೆಯವರಿಗೆ ಮೂರೂವರೆ ಗಂಟೆ ಹಿಡಿಯುತ್ತದೆಂದು ಎಣಿಸಿ, ಯಾರಿಗಾದರೂ ಮೊಣಕಾಲು ನೋಯಬಹುದೆಂದು ಇನ್ನರ್ಧ ಗಂಟೆ ಸೇರಿಸಿದರೆ, ಒಂದು ಗಂಟೆಗೆ ಮೇಲಿನಿಂದ ಹೊರಡಬೇಕಾಗುತ್ತದೆ. ತುದಿಯಲ್ಲಿ ಬುತ್ತಿ ಬಿಚ್ಚಿ ಉಂಡು ಕೂರಲು ಮುಕ್ಕಾಲು ಗಂಟೆ ಬೇಕು. ಏರಲು ನಾಲ್ಕೂಕಾಲು ಗಂಟೆ ಬೇಕೆಂದರೂ ಮುಳ್ಳೋಡಿಯ ತಪಾಸಣೆ ಮುಗಿಸಿ ಎಂಟಕ್ಕೆ ಹೆಜ್ಜೆ ಹಾಕಿರಬೇಕು. ಮುಖ್ಯರಸ್ತೆಯಿಂದ ಮುಳ್ಳೋಡಿಯವರೆಗಿನ ದಾರಿ ಜೀಪಿಗೆ ಮಾತ್ರ ತಕ್ಕದ್ದು, ನಿಧಾನದ್ದು. ಅಂದರೆ ಆರೂವರೆಗೆ ಜೀಪು ಹತ್ತಿ, ಅದಕ್ಕೂ ಮೊದಲು ತಿಂಡಿ ಮುಗಿಸಿರಬೇಕು. ಅರಣ್ಯ ಇಲಾಖೆಯೂ ಹತ್ತಲು ಕೊನೆಯ ಹೊತ್ತನ್ನೂ ಹಿಂದಿರುಗುವ ಹೊತ್ತನ್ನೂ ಗೊತ್ತುಪಡಿಸುತ್ತದೆ, ಅದು ಈ ಲೆಕ್ಕಕ್ಕಿಂತ ಬಿಗಿಯಾಗಿದ್ದರೆ ಅದೇ ಅಂತಿಮ.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಘಾಟಿಯ ತಿರುವುಗಳಲ್ಲಿ ತೂಕಡಿಸಿ, ಶನಿವಾರ ಬೆಳಗ್ಗೆ ಕಳಸದಲ್ಲಿ ಇಳಿದು, ಮುಖ ತೊಳೆದು ನೇರವಾಗಿ ಬೆಟ್ಟಕ್ಕೆ ನುಗ್ಗುವ ಪದ್ಧತಿ ಎಷ್ಟೇ ಪ್ರಚಲಿತವಾಗಿದ್ದರೂ ಕೆಟ್ಟ ಪದ್ಧತಿ. ಬಸ್ಸು ಒಂದು ಗಂಟೆ ತಡವಾದರೆ ಇಡೀ ದಿನದ ಲೆಕ್ಕ ಕುಸಿಯುತ್ತದೆ, ನಿದ್ದೆಗೆಟ್ಟ ಕಾಲುಗಳು ಇಳಿಜಾರಿನಲ್ಲಿ ಎಡವುತ್ತವೆ. ಹಿಂದಿನ ದಿನ ಹಗಲಿನಲ್ಲಿಯೇ ಬಂದು ಒಂದು ರಾತ್ರಿ ಮಲಗಿ ಎದ್ದು ಹತ್ತುವುದು, ಇಳಿದ ರಾತ್ರಿಯೂ ಅಲ್ಲೇ ಉಳಿಯುವುದು ಸರಿಯಾದ ಕ್ರಮ. ಎರಡು ರಾತ್ರಿಗಳ ಬಿಡುವಿಲ್ಲದವರು ಈ ಶಿಖರವನ್ನು ಮುಂದಕ್ಕೆ ಹಾಕಿ, ಇದೇ ಉದ್ಯಾನದ ಕುರಿಂಜಾಲಿನಂತಹ ಇದಕ್ಕಿಂತ ಚಿಕ್ಕ ಚಾರಣವನ್ನು ಆರಿಸಿಕೊಳ್ಳಲಿ. ಅದಕ್ಕೂ ಅನುಮತಿ ಬೇಕು.

ತಲುಪುವುದು, ತಂಗುವುದು

ಬೆಂಗಳೂರಿನಿಂದ ಕಳಸಕ್ಕೆ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮಾರ್ಗವಾಗಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಸರ್ಕಾರಿ ಬಸ್ಸುಗಳೂ ಇವೆ, ಖಾಸಗಿ ಬಸ್ಸುಗಳೂ ಇವೆ. ಹಗಲಿನಲ್ಲಿ ಬರುವವರು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ಅಪರೂಪ, ಹೋಗಲೂಬಾರದು. ಮಂಗಳೂರಿನ ಕಡೆಯಿಂದ ಕಾರ್ಕಳದ ಮೇಲೆ ಬರುವ ರಸ್ತೆ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾದುಬರುತ್ತದೆ. ಅಲ್ಲಿನ ತಪಾಸಣಾ ಗೇಟಿನಲ್ಲಿ ವಾಹನ ಒಳಬಂದ ಸಮಯವನ್ನು ಬರೆದುಕೊಳ್ಳುತ್ತಾರೆ, ನಡುದಾರಿಯಲ್ಲಿ ಇಳಿದು ಊಟದ ಡಬ್ಬಿ ಬಿಚ್ಚುವಂತಿಲ್ಲ. ಸ್ವಂತ ಕಾರಿನಲ್ಲಿ ಬರುವವರು ಇಂಧನವನ್ನು ಪೇಟೆಯಲ್ಲಿಯೇ ತುಂಬಿಸಿಕೊಳ್ಳಬೇಕು, ಕತ್ತಲಾಗುವ ಮೊದಲು ಘಾಟಿ ದಾಟಿರಬೇಕು.

ಸಂಸೆ, ಕಳಸ, ಮುಳ್ಳೋಡಿಗಳಲ್ಲಿ ಹೋಂಸ್ಟೇಗಳಿವೆ. ಬೆಲೆ ಕೇಳುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ಜೀಪು ಯಾರದು, ಅದರ ಬಾಡಿಗೆ ಸೇರಿದೆಯೇ, ಬೆಳಿಗ್ಗೆ ಆರಕ್ಕೆ ತಿಂಡಿ ಸಿಗುತ್ತದೆಯೇ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಡುತ್ತಾರೆಯೇ, ಸಂಜೆ ಬಿಸಿನೀರು ಇರುತ್ತದೆಯೇ. ಕೊನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ, ಇಪ್ಪತ್ತು ಕಿಲೋಮೀಟರ್ ನಡೆದು ಬಂದವನಿಗೆ ಬಚ್ಚಲಿನ ಹಂಡೆ ಒಲೆಯ ನೀರಿಗಿಂತ ದೊಡ್ಡ ಸುಖವಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಮರುದಿನ ಬರುವುದೂ ಉಂಟು, ಆದ್ದರಿಂದ ಫೋನು ಮತ್ತು ಟಾರ್ಚುಗಳನ್ನು ಮನೆಯಿಂದಲೇ ತುಂಬಿಸಿಕೊಂಡು ಬನ್ನಿ. ಯುಪಿಐ ನೆಚ್ಚಿಕೊಳ್ಳದೆ ನಗದು ಇಟ್ಟುಕೊಳ್ಳಿ.

ಇವು ತೋಟದ ಮನೆಗಳು, ಅಲ್ಲಿಯವರಿಗೆ ಬೆಳಗಿನ ಕೆಲಸ ಕತ್ತಲಿನಲ್ಲೇ ಆರಂಭವಾಗುತ್ತದೆ. ರಾತ್ರಿ ಹನ್ನೊಂದರವರೆಗೆ ಸ್ಪೀಕರ್ ಹಾಕಿ ಕುಣಿಯುವುದು, ಅಂಗಳದಲ್ಲಿ ಬಾಟಲಿ ಸಾಲಿಡುವುದು ಯಾರಿಗೂ ಇಷ್ಟವಾಗದು. ಗದ್ದೆ ತೋಟಗಳ ನಡುವೆ ನಡೆಯುವಾಗ ದನ ನುಗ್ಗದಂತೆ ಅಡ್ಡ ಹಾಕಿದ ಉಣುಗೋಲು ಸರಿಸಿ ದಾಟಿದರೆ ಅದನ್ನು ಮತ್ತೆ ಹಾಕಿಯೇ ಮುಂದೆ ಹೋಗಬೇಕು. ತೆರೆದಿಟ್ಟರೆ ದನ ಸಸಿಮಡಿಗೆ ನುಗ್ಗುತ್ತದೆ, ಮರುದಿನ ಬರುವ ಚಾರಣಿಗನಿಗೆ ಆ ಮನೆಯವರು ಮುಖ ತಿರುಗಿಸುತ್ತಾರೆ.

ಕಾಲು ಮತ್ತು ಚೀಲ

ಆರು ವಾರ ಮೊದಲೇ ತಯಾರಿ ಆರಂಭಿಸಿ. ದಿನವೂ ಮೆಟ್ಟಿಲು ಹತ್ತಿ ಇಳಿಯುವುದು, ವಾರಕ್ಕೊಮ್ಮೆ ಚೀಲ ಹೊತ್ತು ಹತ್ತು ಹನ್ನೆರಡು ಕಿಲೋಮೀಟರ್ ನಡೆಯುವುದು ಸಾಕು. ಹತ್ತುವಾಗ ಏದುಸಿರು ಬಂದರೂ ನಿಂತು ಸುಧಾರಿಸಿಕೊಳ್ಳಬಹುದು, ಇಳಿಯುವಾಗ ತೊಡೆ ನಡುಗತೊಡಗಿದರೆ ಉಪಾಯವಿಲ್ಲ, ಆದ್ದರಿಂದ ಇಳಿಯುವ ಅಭ್ಯಾಸಕ್ಕೆ ಹೆಚ್ಚು ಗಮನ ಕೊಡಿ. ಬೆಂಗಳೂರಿನವರಿಗೆ ಶಿವಗಂಗೆ ಅಥವಾ ಸಾವನದುರ್ಗ ಒಳ್ಳೆಯ ಪರೀಕ್ಷೆ, ಅಲ್ಲಿ ಮೊಣಕಾಲು ದೂರಿದರೆ ಇಲ್ಲಿ ಇನ್ನೂ ಜೋರಾಗಿ ದೂರುತ್ತದೆ.

ಶೂ ಹೊಸದಾಗಿದ್ದರೆ ಊರಿನಲ್ಲಿಯೇ ಹಲವು ದಿನ ಹಾಕಿ ಪಳಗಿಸಬೇಕು, ಅಟ್ಟೆಯ ಹಲ್ಲುಗಳು ಆಳವಾಗಿರಬೇಕು. ಪಾಚಿಗಟ್ಟಿದ ಬಂಡೆಯ ಮೇಲೆ ದುಬಾರಿ ಶೂ ಜಾರುತ್ತಿರುವಾಗ, ಅಗ್ಗದ ರಬ್ಬರ್ ಶೂ ತೊಟ್ಟ ಗೈಡ್ ನಿರಾತಂಕವಾಗಿ ದಾಟಿಹೋಗುವುದನ್ನು ನೋಡಿದರೆ ಬೆಲೆಗೂ ಹಿಡಿತಕ್ಕೂ ಸಂಬಂಧವಿಲ್ಲವೆಂದು ತಿಳಿಯುತ್ತದೆ. ಕಾಲುಗುರುಗಳನ್ನು ಹೊರಡುವ ಮುನ್ನ ಕತ್ತರಿಸಿಕೊಳ್ಳಿ. ಜೀನ್ಸ್ ಬೇಡ, ನೆನೆದರೆ ಭಾರವಾಗುತ್ತದೆ, ಒಣಗುವುದೂ ಇಲ್ಲ. ತಲಾ ಎರಡೂವರೆಯಿಂದ ಮೂರು ಲೀಟರ್ ನೀರು, ಬುತ್ತಿ, ಒಣಹಣ್ಣು ಅಥವಾ ಚಿಕ್ಕಿ, ಓಆರ್‌ಎಸ್ ಪುಡಿ, ರೇನ್‌ಕೋಟ್, ಟೋಪಿ, ತಲೆಗೆ ಕಟ್ಟುವ ಟಾರ್ಚ್, ಒಂದು ಜೊತೆ ಒಣ ಕಾಲುಚೀಲ, ಬ್ಯಾಂಡೇಜ್ ಮತ್ತು ನೀವು ನಿತ್ಯ ತೆಗೆದುಕೊಳ್ಳುವ ಮಾತ್ರೆಗಳು ಚೀಲದಲ್ಲಿರಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಮನೆಯಲ್ಲಿಯೇ ಬಿಟ್ಟುಬನ್ನಿ. ಬೀಡಿ ಸಿಗರೇಟು ಕೂಡದು, ಒಣಹುಲ್ಲಿಗೆ ಒಂದು ಕಿಡಿ ಸಾಕು.

ಉಂಬಳ, ಉಣ್ಣೆ, ಹಳ್ಳ

ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ಹೊಸಬರನ್ನು ಹೆಚ್ಚು ಕಂಗೆಡಿಸುವುದು ಉಂಬಳ, ಅಂದರೆ ನೆಲದ ಜಿಗಣೆ. ಆದರೆ ಅದರಿಂದ ಅಪಾಯ ಕಡಿಮೆ. ಕಚ್ಚಿದ ಉಂಬಳವನ್ನು ಕೀಳಲು ಹೆಣಗದೆ ಉಪ್ಪನ್ನೋ ಸುಣ್ಣವನ್ನೋ ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಸ್ವಲ್ಪ ಹೊತ್ತು ಜಿನುಗುತ್ತದೆ, ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಕಾಲಿಗೆ ಹೊಗೆಸೊಪ್ಪು ನೆನೆಸಿದ ನೀರನ್ನೋ ಎಣ್ಣೆಯನ್ನೋ ಹಚ್ಚುವುದು ಮಲೆನಾಡಿನ ಹಳೆಯ ಉಪಾಯ.

ನಿಜವಾಗಿ ಎಚ್ಚರವಹಿಸಬೇಕಾದದ್ದು ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಜೀವಿಯಾದ ಉಣ್ಣೆಯ ಬಗ್ಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಕಾಡಿನ ಉಣ್ಣೆಗಳ ಕಡಿತದಿಂದ ಹರಡುತ್ತದೆ, ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಅದರ ಪ್ರಕರಣಗಳು ವರದಿಯಾಗಿವೆ. ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳು ಅದರ ಕಾಲ. ಮರಿ ಉಣ್ಣೆ ಎಷ್ಟು ಸಣ್ಣದೆಂದರೆ ಬಟ್ಟೆಯ ಮೇಲೆ ಧೂಳಿನ ಕಣದಂತೆ ಕಾಣುತ್ತದೆ. ಉದ್ದ ತೋಳಿನ ಅಂಗಿ ಧರಿಸಿ, ಎಲೆರಾಶಿಯ ಮೇಲೆ ಕೂರಬೇಡಿ, ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ಹೋಂಸ್ಟೇಯವರಲ್ಲಿ ವಿಚಾರಿಸಿ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಸುಳಿಯದೆ ಗೈಡ್‌ಗೆ ತಿಳಿಸಿ.

ಹಳ್ಳದಲ್ಲಿ ನೀರು ಮೊಣಕಾಲಿಗಿಂತ ಮೇಲೆ ಬಂದು ರಭಸವಾಗಿದ್ದರೆ ದಾಟಕೂಡದು. ಬೆಳಿಗ್ಗೆ ಸುಲಭವಾಗಿ ದಾಟಿದ ತೊರೆ ಮೇಲೆ ಸುರಿದ ಮಳೆಯಿಂದ ಮಧ್ಯಾಹ್ನಕ್ಕೆ ಹೊಳೆಯಾಗಿರಬಹುದು, ಅಂತಹ ಸೂಚನೆ ಕಂಡರೆ ತುದಿಯನ್ನು ಮರೆತು ಅಲ್ಲಿಂದಲೇ ತಿರುಗಬೇಕು. ಕಾಟಿ ಎದುರಾದರೆ ನಿಂತು, ಅದಕ್ಕೆ ದಾರಿ ಬಿಟ್ಟು, ಅದು ಸರಿದ ಮೇಲೆ ಮುಂದೆ ಸಾಗಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಬೇಕು. ಆಂಬ್ಯುಲೆನ್ಸಿಗೆ 108, ಇತರ ತುರ್ತಿಗೆ 112. ಆದರೆ ಬೆಟ್ಟದ ಮೇಲೆ ಸಿಗ್ನಲ್ ಇರುವ ಜಾಗಗಳು ಕಡಿಮೆ, ಹಾಗಾಗಿ ಎಷ್ಟು ಹೊತ್ತಿಗೆ ಹಿಂದಿರುಗುತ್ತೀರೆಂಬುದನ್ನು ಹೋಂಸ್ಟೇಯವರಿಗೂ ಮನೆಯವರಿಗೂ ಹೇಳಿ ಹೊರಡಿ. ಗುಂಪು ಒಡೆಯಬಾರದು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಗೈಡ್‌ನ ಹಿಂದೆಯೇ ಇರಲಿ.

ಇಳಿದ ಮೇಲೆ

ಸಂಜೆ ಮೊದಲ ಕೆಲಸ ಸ್ನಾನ. ತೊಟ್ಟ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯದೆ ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಮೈ ತಿಕ್ಕಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳಲ್ಲಿ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು. ಮರುದಿನ ಕಾಲು ಬಿಗಿದುಕೊಂಡಿರುತ್ತದೆ, ಆ ದಿನವನ್ನು ಮತ್ತೊಂದು ಬೆಟ್ಟಕ್ಕೆ ಮೀಸಲಿಡಬೇಡಿ. ಕಳಸದ ಕಲಶೇಶ್ವರ ದೇವಸ್ಥಾನ, ಭದ್ರೆಯ ದಡದಲ್ಲಿ ಮಧ್ವಾಚಾರ್ಯರ ಹೆಸರಿನೊಂದಿಗೆ ಸೇರಿಕೊಂಡಿರುವ ಬಂಡೆಯಿರುವ ಅಂಬಾತೀರ್ಥ, ಮಧ್ಯಾಹ್ನದ ಊಟಕ್ಕೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿ, ಇಷ್ಟು ಸಾಕು. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಮಾಮೂಲಿ ಜ್ವರವೆಂದು ಮಾತ್ರೆ ನುಂಗಿ ಕೂರದೆ ವೈದ್ಯರ ಬಳಿಗೆ ಹೋಗಬೇಕು. ಹೋದಾಗ, ಕಳಸದ ಕಡೆಯ ಕಾಡಿನಲ್ಲಿ ಯಾವ ದಿನ ನಡೆದಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ತಿಳಿಸಿ.